ಕುದ್ಮುಲ್ ರಂಗರಾಯರು: ಉಪಕಾರದ ಮರಳುದಾರಿ

ಉಪಕಾರ, ಪ್ರತ್ಯುಪಕಾರ ಎಂಬ ಎರಡು ಮಾತುಗಳನ್ನು ನಾವು ಜೋಡಿಯಾಗಿಯೇ ಬಳಸುತ್ತೇವೆ. ಮಾಡಿದ ಒಳಿತು ಮಾಡಿದವನಿಗೇ ಮರಳುತ್ತದೆ ಎಂಬ ನಂಬಿಕೆ ನಮ್ಮ ಗಾದೆಗಳಲ್ಲಿಯೂ ಜನಪದ ಕತೆಗಳಲ್ಲಿಯೂ ಬೇರೂರಿದೆ. ಆದರೆ ಈ ನಂಬಿಕೆಯ ಮಿತಿಯೂ ಸ್ಪಷ್ಟವಾಗಿಯೇ ಇದೆ. ಬಂಧುವಿಗೆ, ನೆರೆಯವನಿಗೆ, ಜಾತಿಯವನಿಗೆ ಮಾಡಿದ ಉಪಕಾರವು ಒಂದು ಬಗೆಯ ವಿನಿಮಯವೇ. ಅದು ಇಂದಲ್ಲ ನಾಳೆ ಮರಳುವುದೆಂಬ ಭರವಸೆ ಅಲ್ಲಿ ಮೊದಲೇ ಇರುತ್ತದೆ. ಮರಳಿ ಕೊಡಲು ಏನೂ ಇಲ್ಲದ ಅಪರಿಚಿತನಿಗೆ ಮಾಡಿದ ಉಪಕಾರದ ಗತಿಯೇನು? ಈ ಪ್ರಶ್ನೆಗೆ ಕರಾವಳಿಯ ಸಾಮಾಜಿಕ ಚರಿತ್ರೆಯಲ್ಲಿ ದೊರೆಯುವ ಅತ್ಯಂತ ಗಂಭೀರವಾದ ಉತ್ತರವೆಂದರೆ ಕುದ್ಮುಲ್ ರಂಗರಾಯರ ಬದುಕು.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಇಂದು ಕೇರಳಕ್ಕೆ ಸೇರಿರುವ ಕಾಸರಗೋಡಿನಲ್ಲಿ. ಅಂದು ಅದು ಮದರಾಸು ಆಧಿಪತ್ಯದ ಭಾಗ. ಸಾರಸ್ವತ ಬ್ರಾಹ್ಮಣ ಮನೆತನ, ಕುಲಗೌರವವಿದ್ದರೂ ಸಿರಿವಂತಿಕೆಯಿರಲಿಲ್ಲ. ಎಳೆಯ ಪ್ರಾಯದಲ್ಲಿಯೇ ತಂದೆಯನ್ನು ಕಳೆದುಕೊಂಡ ರಂಗರಾಯರು ಉದ್ಯೋಗವನ್ನು ಅರಸಿ ಮಂಗಳೂರಿಗೆ ಬಂದರು. ಮೊದಲು ಉಪಾಧ್ಯಾಯರಾಗಿ ದುಡಿದು, ಮುಂದೆ ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ನ್ಯಾಯಾಲಯದಲ್ಲಿ ವೃತ್ತಿಯನ್ನು ಆರಂಭಿಸಿದರು. ಬಡವರ ವಕೀಲರೆಂಬ ಹೆಸರು ಅವರಿಗೆ ಬಂದದ್ದು ಈ ಕಾಲದಲ್ಲಿ. ಪರವೂರಿನಲ್ಲಿ ನೆಲೆಯಿಲ್ಲದವನಾಗಿ ನಿಲ್ಲುವುದೆಂದರೇನು ಎಂಬುದನ್ನು ಸ್ವತಃ ಅರಿತಿದ್ದ ಅವರಿಗೆ, ಹುಟ್ಟಿದೂರಿನಲ್ಲಿಯೇ ಪರಕೀಯರಾಗಿ ಬದುಕುತ್ತಿದ್ದ ಜನ ಕಣ್ಣಿಗೆ ಬಿದ್ದುದು ಸಹಜವಾಗಿಯೇ ಇದೆ.

ಅಂದಿನ ಮಂಗಳೂರಿನ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. 1834ರಿಂದ ಬಾಸೆಲ್ ಮಿಷನ್ನಿನವರು ಅಲ್ಲಿ ಶಾಲೆ, ಮುದ್ರಣಾಲಯ, ಹಂಚಿನ ಕಾರ್ಖಾನೆಗಳ ಮೂಲಕ ಹೊಸ ಗಾಳಿಯನ್ನು ತಂದಿದ್ದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದು ಇಲ್ಲಿಂದಲೇ. 1870ರಲ್ಲಿ ಬ್ರಹ್ಮಸಮಾಜದ ಶಾಖೆಯೂ ಸ್ಥಾಪನೆಯಾಯಿತು. ಅದರ ಮುಂದಾಳುಗಳಲ್ಲಿ ಒಬ್ಬರಾದ ಉಳ್ಳಾಲ ರಘುನಾಥಯ್ಯನವರ ಪ್ರಭಾವಕ್ಕೆ ರಂಗರಾಯರು ಒಳಗಾದರು. ಇಷ್ಟೆಲ್ಲ ಬೆಳಕಿದ್ದರೂ ಊರಿನ ಅಂಚಿನಲ್ಲಿದ್ದ ಅಸ್ಪೃಶ್ಯರ ಕೇರಿಗಳಿಗೆ ಅದು ತಲುಪಿದ್ದು ಅತ್ಯಲ್ಪ. ಅಸ್ಪೃಶ್ಯತೆಯ ದೊಡ್ಡ ಕ್ರೌರ್ಯವೆಂದರೆ ಅದು ನೆರೆಯವನನ್ನು ಅಪರಿಚಿತನನ್ನಾಗಿ ಮಾಡುತ್ತದೆ. ನೂರು ಮಾರು ದೂರದಲ್ಲಿ ಬದುಕುವವನ ಹೆಸರು, ಹಸಿವು, ಮಕ್ಕಳು ಯಾವುದೂ ಉಳಿದವರ ಅರಿವಿಗೆ ಬರುವುದಿಲ್ಲ. ಆದ್ದರಿಂದ ರಂಗರಾಯರ ಸಂದರ್ಭದಲ್ಲಿ ಅಪರಿಚಿತರೆಂದರೆ ದೂರದೇಶದ ಪಯಣಿಗರಲ್ಲ. ಒಂದೇ ಊರಿನ ನೀರು, ಮಳೆ, ಬಿಸಿಲುಗಳನ್ನು ಹಂಚಿಕೊಂಡೂ ಮುಟ್ಟಲಾಗದವರಾಗಿದ್ದ ಜನ.

1892ರಲ್ಲಿ ಉರ್ವದ ಚಿಲಿಂಬಿಯಲ್ಲಿ, ಬಾಡಿಗೆಯ ಕಟ್ಟಡದಲ್ಲಿ, ರಂಗರಾಯರು ಈ ಜನರ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. ಮೇಲುಜಾತಿಯ ಉಪಾಧ್ಯಾಯರು ಅಲ್ಲಿ ಕಲಿಸಲು ಒಪ್ಪಲಿಲ್ಲ. ಕ್ರೈಸ್ತ ಉಪಾಧ್ಯಾಯರು ಮುಂದೆ ಬಂದರು. ಮಕ್ಕಳನ್ನು ಕರೆತರುವುದೂ ಸುಲಭವಾಗಿರಲಿಲ್ಲ. ಕೂಲಿಯಿಂದ ಬದುಕುವ ಕುಟುಂಬದಲ್ಲಿ ಎಳೆಯ ಕೈಗಳಿಗೂ ದುಡಿಮೆಯ ಬೆಲೆಯಿರುತ್ತದೆ. ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಡುವ, ಮಧ್ಯಾಹ್ನ ಉಣಬಡಿಸುವ ಏರ್ಪಾಡನ್ನು ಅವರು ಮಾಡಿದ್ದು ಈ ಕಾರಣದಿಂದ. ಎರಡು ಪೈಸೆ ಒಂದು ಅಲ್ಪ ಮೊತ್ತ. ಆದರೆ ವಿದ್ಯೆಯನ್ನು ದಾನವೆಂದು ಭಾವಿಸದೆ, ಕಲಿಯಲು ಬರುವವನು ಕಳೆದುಕೊಳ್ಳುವುದನ್ನೂ ಲೆಕ್ಕಕ್ಕೆ ಹಿಡಿದ ವಿವೇಕ ಅದರ ಹಿಂದಿದೆ. ಬಡವನ ಮನೆಯ ಆಯವ್ಯಯವನ್ನು ಅರಿತ ಉಪಕಾರವಿದು ಎಂಬುದು ಗಮನಾರ್ಹ.

ಇದಕ್ಕೆ ಊರು ಕೊಟ್ಟ ಪ್ರತಿಫಲವೇನು? ಬಹಿಷ್ಕಾರ. ಸ್ವಜಾತಿಯವರು ಅವರನ್ನು ದೂರವಿಟ್ಟರು. ಕ್ಷೌರಿಕ, ಅಗಸರ ಸೇವೆಯೂ ದೊರೆಯದಂತಾಯಿತು. ದಾರಿಯಲ್ಲಿ ಅವಮಾನಗಳನ್ನು ಎದುರಿಸಬೇಕಾಯಿತು. ವಿರೋಧದಿಂದಾಗಿ ಶಾಲೆಯ ಸ್ಥಳವನ್ನೂ ಬದಲಿಸಬೇಕಾಯಿತು. ಮುಟ್ಟಲಾಗದವರ ಬಳಿಗೆ ಹೋದವನು ತಾನೂ ಮುಟ್ಟಲಾಗದವನಾದ. ಮಾಡಿದ ಒಳಿತು ಕೂಡಲೇ ಮರಳುತ್ತದೆ ಎಂಬ ಸರಳ ನಂಬಿಕೆಯನ್ನು ಈ ವರ್ಷಗಳು ಸುಳ್ಳಾಗಿಸುತ್ತವೆ. ಇಲ್ಲಿ ಮರಳಿ ಬಂದದ್ದು ಯಾರಿಗೆ ಉಪಕಾರ ಮಾಡಿದರೋ ಅವರು ಅನುಭವಿಸುತ್ತಿದ್ದ ನೋವಿನ ಒಂದು ಪಾಲು. ಆದರೆ ರಂಗರಾಯರು ಹಿಂಜರಿಯಲಿಲ್ಲ. 1897ರಲ್ಲಿ ದಲಿತೋದ್ಧಾರದ ಒಂದು ಸಂಸ್ಥೆಯನ್ನೇ ಕಟ್ಟಿದರು. ಅದು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಇಂಥದೇ ಹೆಸರಿನ ಸಂಸ್ಥೆಯನ್ನು ಮುಂಬಯಿಯಲ್ಲಿ ಆರಂಭಿಸಿದ್ದು 1906ರಲ್ಲಿ. ಈ ಕಾಲಾನುಕ್ರಮವನ್ನು ಕನ್ನಡದ ವಿದ್ವಾಂಸರು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಾಗಿದೆ.

ಕೊಡಿಯಾಲಬೈಲಿನಲ್ಲಿ ನೆಲೆನಿಂತ ಸಂಸ್ಥೆಯು ಅಕ್ಷರದೊಂದಿಗೆ ನೇಯ್ಗೆ, ಬಡಗಿತನಗಳನ್ನು ಕಲಿಸಿತು, ವಿದ್ಯಾರ್ಥಿನಿಲಯವನ್ನು ನಡೆಸಿತು. ಮನೆ ಕಟ್ಟಿಕೊಳ್ಳಲು ನೆಲ, ಸರಕಾರಿ ಕಚೇರಿಗಳಲ್ಲಿ ಕೆಲಸ, ಸ್ಥಳೀಯ ಆಡಳಿತ ಮಂಡಲಿಗಳಲ್ಲಿ ಪ್ರಾತಿನಿಧ್ಯ, ಇವುಗಳಿಗಾಗಿಯೂ ರಂಗರಾಯರು ಹೋರಾಡಿದರು. ಇಲ್ಲಿ ಒಂದು ಆಕ್ಷೇಪವನ್ನು ಎದುರಿಸುವುದು ಅಗತ್ಯ. ಮೇಲುಜಾತಿಯವರ ದಯೆಯಿಂದ ದಲಿತರ ಬಿಡುಗಡೆ ಸಾಧ್ಯವಿಲ್ಲ, ಬೇಕಾದುದು ಹಕ್ಕು ಎಂಬುದು ಅಂಬೇಡ್ಕರ್ ಚಿಂತನೆಯಿಂದ ನಾವು ಕಲಿತ ಪಾಠ. ಈ ಪಾಠ ಸರಿಯಾದುದೇ. ಪಡೆಯುವವನನ್ನು ಸದಾ ಪಡೆಯುವವನನ್ನಾಗಿಯೇ ಉಳಿಸುವ ಕರುಣೆ ಒಂದು ಸೂಕ್ಷ್ಮವಾದ ಬಂಧನ. ರಂಗರಾಯರ ಹೆಚ್ಚಳವಿರುವುದು ಅವರ ಕರುಣೆ ಅಲ್ಲಿಗೆ ನಿಲ್ಲಲಿಲ್ಲ ಎಂಬುದರಲ್ಲಿ. ಎರಡು ಪೈಸೆಯಿಂದ ಹೊರಟ ದಾರಿ ಕಸುಬು, ನೆಲ, ಉದ್ಯೋಗ, ಅಧಿಕಾರಸ್ಥಾನಗಳತ್ತ ಸಾಗಿತು. ಕೊಡುವವನ ಅಗತ್ಯವೇ ಇಲ್ಲದ ದಿನವನ್ನು ಬಯಸಿ ಕೊಟ್ಟ ಕೈ ಅದು. ಅವರು ತೀರಿಕೊಂಡ ಐದು ವರ್ಷಗಳ ಬಳಿಕ, 1933ರಲ್ಲಿ ಪ್ರಕಟವಾದ ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ನೆಲದ ಹಂಬಲವೇ ದುರಂತವಾಗುವುದನ್ನು ಓದುವಾಗ, ರಂಗರಾಯರು ನಿವೇಶನಗಳಿಗಾಗಿ ನಡೆಸಿದ ಹೋರಾಟದ ಅರ್ಥ ನಮಗೆ ಇನ್ನಷ್ಟು ಆಳವಾಗಿ ಹೊಳೆಯುತ್ತದೆ.

ಬೋಧಿಸಿದ್ದನ್ನು ಅವರು ಮನೆಯಲ್ಲಿಯೂ ಆಚರಿಸಿದರು. ಅವರ ಮಗಳು ರಾಧಾಬಾಯಿ ಮದರಾಸಿನಲ್ಲಿಯೂ ಆಕ್ಸ್‌ಫರ್ಡಿನಲ್ಲಿಯೂ ಓದಿದರು. ತಮಿಳುನಾಡಿನ ಕುಮಾರಮಂಗಲದ ಜಮೀನುದಾರರಾದ ಪಿ. ಸುಬ್ಬರಾಯನ್ ಅವರನ್ನು ವರಿಸಿದರು. ಜಾತಿಯ ಗಡಿಯನ್ನು ದಾಟಿದ ಮದುವೆ ಅದು. ಸುಬ್ಬರಾಯನ್ 1926ರಲ್ಲಿ ಮದರಾಸು ಆಧಿಪತ್ಯದ ಮುಖ್ಯಮಂತ್ರಿಯಾದರು. ರಾಧಾಬಾಯಿ 1930ರ ದುಂಡುಮೇಜಿನ ಪರಿಷತ್ತಿನಲ್ಲಿ ಭಾರತದ ಮಹಿಳೆಯರ ಪರವಾಗಿ ಭಾಗವಹಿಸಿ, 1938ರಲ್ಲಿ ಕೇಂದ್ರ ಶಾಸನಸಭೆಯ ಮೇಲ್ಮನೆಗೆ ಆರಿಸಿಬಂದ ಮೊದಲ ಮಹಿಳೆಯಾದರು. ಅವರ ಮಕ್ಕಳಲ್ಲಿ ಒಬ್ಬರು ಭೂಸೇನೆಯ ಮುಖ್ಯಸ್ಥರಾದರೆ ಇನ್ನೊಬ್ಬರು ಕೇಂದ್ರ ಸಚಿವರಾದರು. ಮಗಳು ಪಾರ್ವತಿ ಕೃಷ್ಣನ್ ಸಂಸತ್ಸದಸ್ಯೆಯಾದರು. ಆದರೆ ಈ ವಂಶದ ಏಳಿಗೆಯನ್ನು ರಂಗರಾಯರ ಪುಣ್ಯದ ಫಲವೆಂದು ಎಣಿಸುವುದು ಅವರ ಬದುಕಿಗೆ ಸಲ್ಲುವ ವ್ಯಾಖ್ಯಾನವಲ್ಲ. ಅವರು ಎದುರುನೋಡಿದ ಫಲ ಬೇರೆಯ ಮನೆಗಳಲ್ಲಿತ್ತು.

ಇಳಿವಯಸ್ಸಿನಲ್ಲಿ ಸಂಸ್ಥೆಯ ಹೊಣೆಯನ್ನು ಭಾರತ ಸೇವಕ ಸಮಾಜಕ್ಕೆ ವಹಿಸಿದ ರಂಗರಾಯರು, 1927ರಲ್ಲಿ ಸನ್ಯಾಸವನ್ನು ಸ್ವೀಕರಿಸಿ ಸ್ವಾಮಿ ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಅಂತ್ಯಸಂಸ್ಕಾರವನ್ನು ಊರಿನ ಮಲಿನವನ್ನು ಹೊರುತ್ತಿದ್ದ ತೋಟಿ ಜನರೇ ನೆರವೇರಿಸಬೇಕೆಂಬುದು ಅವರ ಕೊನೆಯ ಇಚ್ಛೆಯಾಗಿತ್ತು. ಅದರಂತೆ ಆ ಜನರ ಹೆಗಲ ಮೇಲೆಯೇ ಅವರ ಪಾರ್ಥಿವ ಶರೀರ ಸಾಗಿತು. ಸಾವಿನ ಸಂದರ್ಭದಲ್ಲಿ ಶವವನ್ನು ಯಾರು ಮುಟ್ಟಬೇಕು ಎಂಬುದು ನಮ್ಮ ಸಮಾಜದಲ್ಲಿ ಜಾತಿಯ ಅತ್ಯಂತ ಬಿಗಿಯಾದ ಕಟ್ಟಳೆ. ಬದುಕಿನಲ್ಲಿ ಮುಟ್ಟಬಾರದೆಂದು ನಿಷೇಧಕ್ಕೊಳಗಾದವರಿಗೆ ಅವರು ತಮ್ಮ ದೇಹವನ್ನು ಒಪ್ಪಿಸಿದರು. ಒಮ್ಮೆ ಅಪರಿಚಿತರಾಗಿದ್ದವರು ಮಕ್ಕಳು ಮಾಡುವ ಕೆಲಸವನ್ನು ಮಾಡಿದರು. ಉಪಕಾರವು ಮರಳಿ ಬರುವ ಬಗೆ ಇಲ್ಲಿ ಪ್ರತ್ಯಕ್ಷವಾಗಿದೆ. ಅದು ಮರಳಿದ್ದು ಸಂಪತ್ತಾಗಿ ಅಲ್ಲ, ಕೀರ್ತಿಯಾಗಿಯೂ ಅಲ್ಲ, ಸ್ಪರ್ಶವಾಗಿ.

ಮಂಗಳೂರಿನ ಬಾಬುಗುಡ್ಡೆಯಲ್ಲಿರುವ ಅವರ ಸಮಾಧಿಯಲ್ಲಿ ಅವರ ಆಶಯವೊಂದನ್ನು ಕೆತ್ತಲಾಗಿದೆ. ದಲಿತರ ಮಗುವೊಂದು ವಿದ್ಯೆ ಕಲಿತು, ಸರಕಾರದಲ್ಲಿ ಉನ್ನತ ಪದವಿಗೇರಿ, ವಾಹನದಲ್ಲಿ ಊರಿನ ರಸ್ತೆಯಲ್ಲಿ ಸಾಗಬೇಕು. ಆ ಚಕ್ರಗಳಿಂದೆದ್ದ ಧೂಳು ತಮ್ಮ ತಲೆಗೆ ತಗುಲಿದರೆ ತಮ್ಮ ಜನ್ಮ ಸಾರ್ಥಕ ಎಂಬುದು ಅದರ ಸಾರ. ಇಲ್ಲಿ ಕೃತಜ್ಞತೆಯ ಬಯಕೆಯಿಲ್ಲ. ವಾಹನದಲ್ಲಿ ಕುಳಿತ ವ್ಯಕ್ತಿ ನಿಂತು ನಮಸ್ಕರಿಸಬೇಕೆಂದು ಅವರು ಕೇಳಲಿಲ್ಲ. ತನ್ನ ಕೆಲಸಕ್ಕೆ ತಾನು ಹೋಗುವಷ್ಟು ಸ್ವತಂತ್ರನಾಗಿರಬೇಕೆಂದು ಬಯಸಿದರು. ಹರಸಲು ಹಿರಿಯರು ತಲೆ ಮುಟ್ಟುವ ನಾಡಿನಲ್ಲಿ, ಕಿರಿಯರ ದಾರಿಯ ಧೂಳನ್ನು ತಲೆಯಲ್ಲಿ ಧರಿಸಲು ಬಯಸಿದ ಈ ಹಿರಿಯರು ಉಪಕಾರದ ದಿಕ್ಕನ್ನೇ ಬದಲಿಸಿದರು.

ಮಂಗಳೂರಿನ ಪುರಭವನ ಇಂದು ರಂಗರಾಯರ ಹೆಸರನ್ನು ಹೊತ್ತಿದೆ. ಅದು ಊರು ಸಲ್ಲಿಸಿದ ಗೌರವ. ಆದರೆ ಅವರು ಕೇಳಿದ್ದು ಹೆಸರನ್ನಲ್ಲ, ಧೂಳನ್ನು. ನಮ್ಮ ತರಗತಿಗಳಿಗೆ ಕುಟುಂಬದಲ್ಲಿಯೇ ಮೊದಲಿಗರಾಗಿ ಬಂದು ಕನ್ನಡ ಓದುವ, ಮುಂದೆ ಅಧ್ಯಾಪಕರಾಗಿ ಮತ್ತೊಬ್ಬರಿಗೆ ಕಲಿಸುವ ಪ್ರತಿಯೊಬ್ಬ ವಿದ್ಯಾರ್ಥಿಯ ನಡಿಗೆಯಲ್ಲಿಯೂ ಆ ಧೂಳು ಏಳುತ್ತಿದೆ. ಆ ದಾರಿಯನ್ನು ತೆರೆದಿಡುವುದೇ ವಿದ್ಯಾಸಂಸ್ಥೆಗಳು ಅವರಿಗೆ ಸಲ್ಲಿಸಬಹುದಾದ ಪ್ರತ್ಯುಪಕಾರ.