ಅರವತ್ತೈದರಲ್ಲಿ ಲೇಖಕಿಯಾದ ಹುಲ್ಲುಗಾವಲಿನ ಮಗಳು

ಅಮೆರಿಕದ ಮಕ್ಕಳ ಸಾಹಿತ್ಯದಲ್ಲಿ ಲಾರಾ ಇಂಗಲ್ಸ್ ವೈಲ್ಡರ್ ಅವರದು ಬಹುದೊಡ್ಡ ಹೆಸರು. 'ಲಿಟಲ್ ಹೌಸ್' ಮಾಲಿಕೆಯ ಮೊದಲ ಪುಸ್ತಕ 1932ರಲ್ಲಿ ಹೊರಬಂದಾಗ ಆಕೆಗೆ 65 ವರ್ಷ. ಅದಕ್ಕೆ ಮುಂಚಿನ ಬದುಕಿನ ಬಹುಪಾಲು ವಲಸೆ, ಸಾಲ ಮತ್ತು ಬೆಳೆನಷ್ಟಗಳಲ್ಲೇ ಕಳೆದಿತ್ತು. ಪುಸ್ತಕಗಳಲ್ಲಿ ಕಾಣುವ ಬೆಚ್ಚನೆಯ ಸಂಸಾರಕ್ಕೂ ಲೇಖಕಿ ಕಂಡುಂಡ ಬದುಕಿಗೂ ಸಾಕಷ್ಟು ಅಂತರವಿದೆ.

ಉತ್ತರದ ವಿಸ್ಕಾನ್ಸಿನ್ ರಾಜ್ಯದ ಪೆಪಿನ್ ಊರಿನ ಬಳಿ, ಕಾಡಿನ ಮರದ ಮನೆಯೊಂದರಲ್ಲಿ 1867ರ ಫೆಬ್ರವರಿ 7ರಂದು ಲಾರಾ ಜನಿಸಿದರು. ತಂದೆ ಚಾರ್ಲ್ಸ್ ಇಂಗಲ್ಸ್ ಬೇಟೆಗಾರ, ಬಡಗಿ, ರೈತ. ಪಿಟೀಲು ನುಡಿಸುವುದರಲ್ಲೂ ಪಳಗಿದವರು. ತಾಯಿ ಕ್ಯಾರೊಲಿನ್ ಮದುವೆಗೆ ಮುನ್ನ ಶಾಲಾ ಶಿಕ್ಷಕಿ. ಹೊಸ ನೆಲದಲ್ಲಿ ಐದು ವರ್ಷ ನೆಲೆಸಿ ಉಳುಮೆ ಮಾಡಿದವರಿಗೆ 160 ಎಕರೆ ಜಮೀನು ನೀಡುವ ಕಾನೂನು 1862ರಲ್ಲಿಯೇ ಜಾರಿಗೆ ಬಂದಿತ್ತು. ಭೂಮಿಯ ಆಸೆ ಸಾವಿರಾರು ಸಂಸಾರಗಳನ್ನು ಪಶ್ಚಿಮದತ್ತ ಎಳೆದ ಕಾಲವದು. ಇಂಗಲ್ಸ್ ಕುಟುಂಬ ಮೊದಲು ಹೋದದ್ದು ಕ್ಯಾನ್ಸಸ್‌ಗೆ. ಆದರೆ ಅಲ್ಲಿ ಅವರು ಮನೆ ಕಟ್ಟಿದ ನೆಲ ಓಸೇಜ್ ಬುಡಕಟ್ಟಿನವರದು; ಕಾನೂನಿನ ಪ್ರಕಾರ ಅದು ಒತ್ತುವರಿಯೇ ಸರಿ. 1871ರಲ್ಲಿ ಕುಟುಂಬ ವಿಸ್ಕಾನ್ಸಿನ್‌ಗೆ ಮರಳಿತು.

1874ರಲ್ಲಿ ಮಿನೆಸೋಟದ ವಾಲ್‌ನಟ್ ಗ್ರೋವ್‌ನಲ್ಲಿ ಮತ್ತೆ ಬೇಸಾಯ ಆರಂಭವಾಯಿತು. ಗೋಧಿ ತೆನೆಗಟ್ಟುವ ಹೊತ್ತಿಗೆ ಮಿಡತೆಗಳ ದಂಡು ಬಂದೆರಗಿ ಹೊಲವನ್ನು ಬೋಳಾಗಿಸಿತು. ಮರುವರ್ಷವೂ ಅದೇ ಕಥೆ. ಒಂಬತ್ತು ತಿಂಗಳ ಗಂಡುಮಗು 1876ರಲ್ಲಿ ತೀರಿಕೊಂಡಿತು. ಅಯೋವಾದ ಬರ್ ಓಕ್‌ಗೆ ಹೋಗಿ ಹೋಟೆಲೊಂದರಲ್ಲಿ ದುಡಿದ ಕುಟುಂಬ, ಬಾಕಿ ತೀರಿಸಲಾಗದೆ ಕೊನೆಗೆ ರಾತ್ರೋರಾತ್ರಿ ಊರು ಬಿಟ್ಟಿತು. ಮಕ್ಕಳಿಗಾಗಿ ಬರೆದ ಪುಸ್ತಕಗಳಲ್ಲಿ ಈ ಪ್ರಕರಣ ಇಲ್ಲವೇ ಇಲ್ಲ. 1879ರಲ್ಲಿ ಅಕ್ಕ ಮೇರಿ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡರು. ಕಂಡದ್ದನ್ನೆಲ್ಲ ಅಕ್ಕನಿಗೆ ಮಾತಿನಲ್ಲಿ ಬಣ್ಣಿಸಿ ಹೇಳುವ ಹೊಣೆ ಲಾರಾ ಮೇಲೆ ಬಿತ್ತು. ಮುಂದಿನ ಬರವಣಿಗೆಗೆ ಇದಕ್ಕಿಂತ ಉತ್ತಮ ತಾಲೀಮು ಇನ್ನೊಂದಿರಲಾರದು.

ಅದೇ ವರ್ಷ ತಂದೆಗೆ ರೈಲು ಕಂಪನಿಯಲ್ಲಿ ಕೆಲಸ ಸಿಕ್ಕಿ, ಕುಟುಂಬ ಡಕೋಟಾ ಪ್ರಾಂತ್ಯ ಸೇರಿತು. ಅಲ್ಲಿ ಹೊಸದಾಗಿ ತಲೆಯೆತ್ತಿದ ಊರು ಡಿ ಸ್ಮೆಟ್. 1880ರ ಅಕ್ಟೋಬರ್‌ನಲ್ಲಿಯೇ ಮೊದಲ ಹಿಮಬಿರುಗಾಳಿ ಬೀಸಿತು. ಹಳಿಗಳ ಮೇಲೆ ಹಿಮ ಕಲ್ಲಿನಂತೆ ಗಟ್ಟಿಯಾಗಿ, ಹೊಸ ವರ್ಷದ ಆರಂಭದಲ್ಲಿ ರೈಲು ಸಂಚಾರವೇ ನಿಂತುಹೋಯಿತು. ಅಂಗಡಿಗಳು ಬರಿದಾದವು. ಕಲ್ಲಿದ್ದಲು ಮುಗಿದಾಗ ಒಣಹುಲ್ಲನ್ನು ಕೈಯಲ್ಲಿ ಹೊಸೆದು, ಬಿಗಿಯಾದ ಕಟ್ಟು ಮಾಡಿ ಒಲೆಗೆ ಹಾಕಿದರು. ಹಿಟ್ಟು ಮುಗಿದಾಗ ಕಾಫಿಬೀಜ ಪುಡಿಮಾಡುವ ಯಂತ್ರದಲ್ಲಿ ಗೋಧಿ ಬೀಸಿ ರೊಟ್ಟಿ ಮಾಡಿದರು. ಊರು ಹಸಿವಿನ ಅಂಚಿಗೆ ಬಂದು ನಿಂತಾಗ ಇಬ್ಬರು ಯುವಕರು ಹಿಮದ ಬಯಲು ದಾಟಿ ಗೋಧಿ ಹುಡುಕಿ ತಂದರು. ಅವರಲ್ಲೊಬ್ಬ ಆಲ್ಮಾಂಜೊ ವೈಲ್ಡರ್. ರೈಲು ಮತ್ತೆ ಬಂದದ್ದು 1881ರ ಮೇ ತಿಂಗಳಲ್ಲಿ.

ಹದಿನಾರು ತುಂಬುವ ಮೊದಲೇ ಲಾರಾ ಶಿಕ್ಷಕಿಯಾದರು. ಅಯೋವಾದ ಅಂಧರ ಶಾಲೆ ಸೇರಿದ್ದ ಮೇರಿಯ ಖರ್ಚಿಗೆ ಆ ಸಂಬಳ ನೆರವಾಯಿತು. 1885ರ ಆಗಸ್ಟ್ 25ರಂದು ತಮಗಿಂತ ಹತ್ತು ವರ್ಷ ಹಿರಿಯರಾದ ಆಲ್ಮಾಂಜೊ ಅವರನ್ನು ವಿವಾಹವಾದರು. ಮರುವರ್ಷ ಮಗಳು ರೋಸ್ ಹುಟ್ಟಿದಳು. ನಂತರ ಎಲ್ಲವೂ ಒಂದರ ಹಿಂದೊಂದು ಕೈಕೊಟ್ಟಿತು: ಡಿಫ್ತೀರಿಯಾದ ಬಳಿಕ ಪತಿಗೆ ಅಂಗವೈಕಲ್ಯ, 1889ರಲ್ಲಿ ಹೆಸರಿಡುವ ಮುನ್ನವೇ ತೀರಿಕೊಂಡ ಮಗ, ಕೆಲವೇ ದಿನಗಳಲ್ಲಿ ಸುಟ್ಟುಹೋದ ಮನೆ, ಜೊತೆಗೆ ಬರಗಾಲ. ಫ್ಲೋರಿಡಾದ ಹವೆ ಒಗ್ಗಲಿಲ್ಲ. 1894ರಲ್ಲಿ ಕುದುರೆ ಬಂಡಿಯೇರಿ ಮಿಸೌರಿಯ ಮ್ಯಾನ್ಸ್‌ಫೀಲ್ಡ್‌ಗೆ ಬಂದ ದಂಪತಿ 40 ಎಕರೆಯ ಕಲ್ಲುನೆಲ ಕೊಂಡು, ವರ್ಷಗಟ್ಟಲೆ ಬೆವರು ಸುರಿಸಿ ಅದನ್ನು ತೋಟವಾಗಿಸಿದರು.

ಕೋಳಿ ಸಾಕಣೆಯಲ್ಲಿ ಲಾರಾ ಎತ್ತಿದ ಕೈ. ಆ ಕುರಿತು ಸಿದ್ಧಪಡಿಸಿದ ಭಾಷಣವೊಂದು ಪತ್ರಿಕಾ ಸಂಪಾದಕರ ಗಮನ ಸೆಳೆದು, 1911ರಿಂದ 'ಮಿಸೌರಿ ರೂರಲಿಸ್ಟ್' ಎಂಬ ಕೃಷಿ ಪತ್ರಿಕೆಗೆ ಬರೆಯತೊಡಗಿದರು. 1929ರ ಷೇರುಪೇಟೆ ಕುಸಿತದಲ್ಲಿ ಉಳಿತಾಯ ಕರಗಿತು. ಮರುವರ್ಷ ಪೆನ್ಸಿಲು ಹಿಡಿದು 'ಪಯೊನಿಯರ್ ಗರ್ಲ್' ಎಂಬ ಆತ್ಮಕಥೆ ಬರೆದರು. ಯಾವ ಪ್ರಕಾಶಕರೂ ಅದನ್ನು ಒಪ್ಪಲಿಲ್ಲ. ಅದರ ಸಾಮಗ್ರಿಯನ್ನೇ ಮಕ್ಕಳಿಗಾಗಿ ತಿದ್ದಿ ಬರೆದಾಗ ಹುಟ್ಟಿದ್ದು 'ಲಿಟಲ್ ಹೌಸ್ ಇನ್ ದ ಬಿಗ್ ವುಡ್ಸ್'. 1943ರ ಹೊತ್ತಿಗೆ ಮಾಲಿಕೆಯಲ್ಲಿ ಎಂಟು ಪುಸ್ತಕಗಳಾದವು. ಅಷ್ಟರಲ್ಲಾಗಲೇ ಹೆಸರಾಂತ ಪತ್ರಕರ್ತೆಯಾಗಿದ್ದ ಮಗಳು ರೋಸ್ ಹಸ್ತಪ್ರತಿಗಳನ್ನು ಧಾರಾಳವಾಗಿ ತಿದ್ದಿದ್ದರಿಂದ, ನಿಜವಾದ ಲೇಖಕಿ ಯಾರೆಂಬ ಚರ್ಚೆ ಎದ್ದಿತು. ತಾಯಿಯ ಅನುಭವ, ಮಗಳ ಕಸುಬು ಎರಡೂ ಸೇರಿವೆ ಎನ್ನುವುದೇ ನ್ಯಾಯ.

ಪತಿ 1949ರಲ್ಲಿ ನಿಧನರಾದರು. 90ನೇ ಹುಟ್ಟುಹಬ್ಬ ಕಳೆದ ಮೂರು ದಿನಗಳಿಗೆ, 1957ರ ಫೆಬ್ರವರಿ 10ರಂದು ಲಾರಾ ಕೊನೆಯುಸಿರೆಳೆದರು. 1974ರಿಂದ 1983ರವರೆಗೆ ಪ್ರಸಾರವಾದ ಟಿವಿ ಧಾರಾವಾಹಿ ಆಕೆಯ ಹೆಸರನ್ನು ದೇಶದೇಶಗಳಿಗೆ ಒಯ್ದಿತು. ಆದರೆ ಮೂಲನಿವಾಸಿಗಳನ್ನೂ ಕಪ್ಪು ಜನರನ್ನೂ ಪುಸ್ತಕಗಳು ಚಿತ್ರಿಸಿದ ರೀತಿಗೆ ಆಕ್ಷೇಪಗಳು ಬೆಳೆದವು. ಗ್ರಂಥಾಲಯ ಸಂಘಟನೆ 1954ರಲ್ಲಿ ಆಕೆಗೇ ಮೊದಲು ನೀಡಿ, ಆಕೆಯ ಹೆಸರಿನಲ್ಲೇ ನಡೆಸುತ್ತಿದ್ದ ಪ್ರಶಸ್ತಿಯಿಂದ 2018ರಲ್ಲಿ ಆ ಹೆಸರನ್ನು ತೆಗೆಯಿತು. ಅದಕ್ಕೂ ನಾಲ್ಕು ವರ್ಷ ಮುನ್ನ, ಪ್ರಕಾಶಕರು ಬೇಡವೆಂದಿದ್ದ 'ಪಯೊನಿಯರ್ ಗರ್ಲ್' ದಕ್ಷಿಣ ಡಕೋಟಾದಲ್ಲಿ ವಿಸ್ತಾರವಾದ ಟಿಪ್ಪಣಿಗಳೊಂದಿಗೆ ಅಚ್ಚಾಗಿತ್ತು. ಬೇಡಿಕೆಗೆ ಪ್ರತಿಗಳು ಸಾಲದೆ ಮತ್ತೆ ಮತ್ತೆ ಮುದ್ರಿಸಬೇಕಾಯಿತು. ಬರ್ ಓಕ್‌ನಿಂದ ರಾತ್ರೋರಾತ್ರಿ ಹೊರಟ ಬಂಡಿಯ ಕಥೆ ಓದುಗರಿಗೆ ಸಿಕ್ಕಿದ್ದು ಅದರಲ್ಲಿಯೇ.