ಗಚ್ಚು, ಮಳೆ ಮತ್ತು ವಿಶ್ವೇಶ್ವರಯ್ಯನವರು

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರನ್ನು ಕೇಳದ ವಿದ್ಯಾರ್ಥಿ ನಮ್ಮ ಶಾಲೆಯಲ್ಲಿ ಇರಲಾರನು. ಅವರು ಹುಟ್ಟಿದ ಸೆಪ್ಟೆಂಬರ್ 15ನೆಯ ದಿನವನ್ನು ದೇಶವೆಲ್ಲ ಇಂಜಿನಿಯರರ ದಿನವೆಂದು ಆಚರಿಸುತ್ತದೆ. ಅಂದಿನ ಭಾಷಣ ಸ್ಪರ್ಧೆಯಲ್ಲಿ ಬಡತನದಲ್ಲಿ ಓದಿದ ಬಾಲಕ, ಸರಕಾರದ ದೀಪವನ್ನು ಸ್ವಂತ ಕೆಲಸಕ್ಕೆ ಬಳಸದ ದಿವಾನ, ನೂರು ವರ್ಷ ಬಾಳಿದ ಹಿರಿಯ, ಹೀಗೆ ಒಂದಾದ ಮೇಲೊಂದು ಕತೆಗಳು ಬರುತ್ತವೆ. ಬಂದದ್ದೇ ಬರುತ್ತವೆ ಎಂದು ನಾವು ದೂರುವುದಿಲ್ಲ. ಒಳ್ಳೆಯ ಕತೆಯನ್ನು ಎಷ್ಟು ಸಲ ಕೇಳಿದರೂ ನಷ್ಟವೇನಿಲ್ಲ. ಆದರೆ ಈ ಮಹನೀಯರು ಎಲ್ಲಕ್ಕಿಂತ ಮೊದಲು ಕಟ್ಟುವವರಾಗಿದ್ದರು. ಕಟ್ಟುವುದಕ್ಕೆ ಕಲ್ಲು ಬೇಕು, ಗಚ್ಚು ಬೇಕು, ಹಣ ಮತ್ತು ಜನ ಬೇಕು. ಇವೆಲ್ಲ ಇದ್ದೂ ಆಕಾಶದ ಒಪ್ಪಿಗೆ ಇಲ್ಲದಿದ್ದರೆ ಕೆಲಸ ಕೆಡುತ್ತದೆ. ಆ ಒಪ್ಪಿಗೆಗಾಗಿ ಅವರು ಹೇಗೆ ಹೋರಾಡಿದರು ಎಂಬುದನ್ನು ಇಲ್ಲಿ ಹೇಳಬಯಸುತ್ತೇವೆ.

ಈ ವಿಚಾರ ನಮ್ಮ ತಲೆಗೆ ಹೊಕ್ಕಿದ್ದು ಒಂದು ಸ್ಲ್ಯಾಬಿನಿಂದ. ಕೆಲವು ಬೇಸಿಗೆಗಳ ಹಿಂದೆ ಬೋರಾಮಣಿಯಲ್ಲಿ ನಮ್ಮ ಪರಿಚಯದವರೊಬ್ಬರು ಮನೆ ಕಟ್ಟಿಸುತ್ತಿದ್ದರು. ಅದು ಮೇ ತಿಂಗಳು. ನಮ್ಮ ಸೊಲ್ಲಾಪುರ ಸೀಮೆಯ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆಂಬುದನ್ನು ನಿಮಗೆ ಬೇರೆ ಹೇಳಬೇಕಿಲ್ಲ. ಬಾಡಿಗೆಯ ಮಿಕ್ಸರ್ ಬಂದು ನಿಂತಿತ್ತು. ವಯಸ್ಸಾದ ಗವಂಡಿಯೊಬ್ಬ, ಇಂದು ಬೇಡ, ನಾಳೆ ನಸುಕಿನಲ್ಲಿ ಹಾಕೋಣವೆಂದ. ಬಾಡಿಗೆಯ ಲೆಕ್ಕ ಹಾಕುತ್ತಿದ್ದವರು ಕಿವಿಗೊಡಲಿಲ್ಲ. ಹತ್ತು ಗಂಟೆಗೆ ಕೆಲಸ ಶುರುವಾಯಿತು. ಕಾದ ಸೆಂಟ್ರಿಂಗ್ ತಗಡಿನ ಮೇಲೆ ಬಿದ್ದ ಕಾಂಕ್ರೀಟು ಎಳೆಯುವುದರೊಳಗೆ ಬಿಗಿಯತೊಡಗಿತು. ಸಡಿಲವಾಗಲೆಂದು ಬಕೆಟ್ಟುಗಟ್ಟಲೆ ನೀರು ಬೆರೆಸಿದರು. ಸಂಜೆಯ ಹೊತ್ತಿಗೆ ಮೇಲೆಲ್ಲ ಕೂದಲೆಳೆಯಂಥ ಬಿರುಕುಗಳು. ಮೊದಲ ದೊಡ್ಡ ಮಳೆಗೆ ಮನೆಯೊಳಗೆ ಪಾತ್ರೆ ಇಡಬೇಕಾಯಿತು. ನಾವೂ ಅಂದು ಅಲ್ಲೇ ನೆರಳಿನಲ್ಲಿ ಚಹ ಕುಡಿಯುತ್ತ ಕುಳಿತಿದ್ದೆವು. ಗವಂಡಿಯ ಮಾತು ಸರಿಯೆಂದು ತಿಳಿದೂ ಬಾಯಿ ಬಿಡಲಿಲ್ಲ. ವಿಶ್ವೇಶ್ವರಯ್ಯನವರ ಆತ್ಮಕಥನದ ಒಂದು ಪ್ರಸಂಗವನ್ನು ಆಮೇಲೆ ಓದಿದಾಗ ನಮಗೆ ಆ ದಿನ ನೆನಪಾಯಿತು. ಆ ಪ್ರಸಂಗಕ್ಕೆ ಬರುವ ಮೊದಲು ಅವರ ಬಾಲ್ಯವನ್ನು ಚುಟುಕಾಗಿ ಹೇಳಿಬಿಡುತ್ತೇವೆ.

ಅವರು ಹುಟ್ಟಿದ್ದು 1861ರಲ್ಲಿ, ಮೈಸೂರು ಸೀಮೆಯ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಬಾಲಕ ಶಾಲೆಯಲ್ಲಿರುವಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡು, ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿ ಪಡೆದರು. ಮೈಸೂರು ಸರಕಾರ ವಿದ್ಯಾರ್ಥಿವೇತನ ಕೊಟ್ಟು ಪುಣೆಯ ಸಾಯನ್ಸ್ ಕಾಲೇಜಿಗೆ ಕಳಿಸಿತು. 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮುಂಬಯಿ ಪ್ರಾಂತಕ್ಕೇ ಮೊದಲಿಗರಾಗಿ ಬಂದರು. ಮರುವರ್ಷ ಮುಂಬಯಿ ಸರಕಾರದ ಲೋಕೋಪಯೋಗಿ ಖಾತೆಯಲ್ಲಿ ಸಹಾಯಕ ಇಂಜಿನಿಯರರಾಗಿ ಸೇರಿದರು. ಆಗ ನಮ್ಮ ಸೊಲ್ಲಾಪುರವೂ ಅದೇ ಮುಂಬಯಿ ಪ್ರಾಂತದಲ್ಲಿತ್ತು. ಹುಟ್ಟಿದ ನಾಡಿನಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್, ಕೆಲಸದ ಜಾಗದಲ್ಲಿ ಮರಾಠಿ. ಮೂರು ಭಾಷೆಗಳ ನಡುವೆ ದಿನ ಕಳೆಯುವುದೆಂದರೆ ಏನೆಂದು ನಮ್ಮ ಶಾಲೆಯ ಮಕ್ಕಳಿಗಿಂತ ಚೆನ್ನಾಗಿ ಯಾರು ಬಲ್ಲರು?

ಇನ್ನು ಆ ಪ್ರಸಂಗ. ನೌಕರಿಯ ಮೊದಲ ದಿನಗಳಲ್ಲೇ ಅವರನ್ನು ಖಾನದೇಶಕ್ಕೆ, ಅಂದರೆ ಇಂದಿನ ಧುಳೆಯ ಕಡೆಗೆ, ಕಳಿಸಿದರು. ಅಲ್ಲಿ ಪಾಂಝರಾ ಎಂಬ ನದಿ. ಅದರ ನೀರನ್ನು ಚಿಕ್ಕ ಒಡ್ಡುಗಳಿಂದ ತಿರುಗಿಸಿ ಹೊಲಕ್ಕೆ ಹಾಯಿಸುವ ಹಳೆಯ ಪದ್ಧತಿ ಆ ಭಾಗದಲ್ಲಿದೆ. ದಾತರ್ತಿ ಎಂಬ ಊರಿನ ಬಳಿ ಹೊಳೆಯ ಹರಿವಿನ ಅಡಿಯಿಂದ ಕೊಳವೆಯಲ್ಲಿ ನೀರನ್ನು ದಾಟಿಸುವ ಕೆಲಸ ಇವರ ಪಾಲಿಗೆ ಬಂತು. ಇಂಥ ರಚನೆಗೆ ಸೈಫನ್ ಎನ್ನುತ್ತಾರೆ. ನೀರು ಒಂದು ದಡದಲ್ಲಿ ಕೊಳವೆಗೆ ಇಳಿದು, ನೆಲದಡಿ ಸಾಗಿ, ತನ್ನ ಒತ್ತಡದಿಂದಲೇ ಆಚೆ ದಡದಲ್ಲಿ ಮೇಲೇರುತ್ತದೆ. ಕೇಳುವುದಕ್ಕೆ ಸುಲಭ. ಆದರೆ ಹೊಳೆಯ ಪಾತ್ರವನ್ನು ಅಗೆಯಬೇಕು, ಕೊಳವೆ ಕೂಡಿಸಬೇಕು, ಸಂದುಗಳನ್ನು ಭದ್ರಪಡಿಸಬೇಕು, ಅದೂ ತಗ್ಗಿನಲ್ಲಿ ನೀರು ನಿಲ್ಲದ ಹಾಗೆ.

ಮಳೆಗಾಲ ಬಂದೇ ಬಂತು. ಹೊಳೆಗೆ ನೀರು ಬಂದಾಗಲೆಲ್ಲ ಅಗೆದ ತಗ್ಗು ಉಸುಕಿನಿಂದ ತುಂಬಿಹೋಗುತ್ತಿತ್ತು. ಇಪ್ಪತ್ತಮೂರರ ಆಸುಪಾಸಿನ ತರುಣ ಇಂಜಿನಿಯರರು ಮೇಲಧಿಕಾರಿಗೆ ಪತ್ರ ಬರೆದು, ಈ ಕೆಲಸವನ್ನು ಮಳೆಗಾಲ ಮುಗಿಯುವವರೆಗೆ ಮುಂದಕ್ಕೆ ಹಾಕಬೇಕೆಂದು ಕೇಳಿಕೊಂಡರು. ಮೇಲಧಿಕಾರಿಗೆ ಇದು ಹಿಡಿಸಲಿಲ್ಲ. ಹೊಸದಾಗಿ ಸೇರಿದವರಲ್ಲಿ ಇರಬೇಕಾದ ವಿಧೇಯತೆ ಮತ್ತು ಉತ್ಸಾಹ ಇವರಲ್ಲಿ ಕಾಣುತ್ತಿಲ್ಲವೆಂಬ ಅರ್ಥದ ಉತ್ತರ ಬಂತು. ನೌಕರಿಯ ಮೊದಲ ವರ್ಷದಲ್ಲೇ ಇಂಥ ಮಾತು ಕಾಗದದಲ್ಲಿ ಬಿದ್ದರೆ ಅದು ಜೀವಮಾನದುದ್ದಕ್ಕೂ ಬೆನ್ನು ಹತ್ತಬಹುದು. ಅವರು ಎದುರುತ್ತರ ಬರೆಯಲಿಲ್ಲ. ಪುನಃ ಹೊಳೆಗೆ ಇಳಿದರು. ತುಂಬಿದ ಉಸುಕನ್ನು ತೆಗೆಸಿದರು, ಮತ್ತೆ ತುಂಬಿತು, ಮತ್ತೆ ತೆಗೆಸಿದರು. ಒಮ್ಮೆ ನೀರು ಏರಿ ಆಚೆ ದಡದಲ್ಲಿ ಸಿಕ್ಕಿಬಿದ್ದಾಗ ಕುದುರೆಯನ್ನು ಅಲ್ಲೇ ಬಿಟ್ಟು ಈಜಿ ಬಂದರಂತೆ. ಸುಮಾರು ಎರಡು ತಿಂಗಳಲ್ಲಿ ಕೆಲಸ ಮುಗಿಯಿತು. ಅದೇ ಮೇಲಧಿಕಾರಿ ಮುಂದೆ ಅವರನ್ನು ಮೆಚ್ಚಿಕೊಂಡರು.

ಈ ಪ್ರಸಂಗವನ್ನು ಹೇಳುವವರು ಸಾಮಾನ್ಯವಾಗಿ ವಿಧೇಯತೆಯ ಪಾಠವೆಂದು ಹೇಳಿ ಮುಗಿಸುತ್ತಾರೆ. ನಮಗೆ ಅಷ್ಟು ಸರಳವಾಗಿ ಕಾಣುವುದಿಲ್ಲ. ಮಳೆಯಲ್ಲಿ ಹೊಳೆಯ ಪಾತ್ರ ಅಗೆಯುವುದು ಜಾಣತನವಲ್ಲವೆಂಬ ಅವರ ಅಭಿಪ್ರಾಯ ಸರಿಯಾಗಿಯೇ ಇತ್ತು. ಕೆಲಸ ಮುಗಿಯಿತೆಂದ ಮಾತ್ರಕ್ಕೆ ಅದು ತಪ್ಪಾಗುವುದಿಲ್ಲ. ಮೇಲಧಿಕಾರಿಯ ಅದೃಷ್ಟ, ಕೈಕೆಳಗೆ ಇಂಥ ಮನುಷ್ಯ ಸಿಕ್ಕಿದ್ದ. ನಾವು ಮೆಚ್ಚುವುದು, ಹೇಳಬೇಕಾದುದನ್ನು ಅವರು ಹೇಳಬೇಕಾದ ಹೊತ್ತಿನಲ್ಲೇ ಬರೆದು ತಿಳಿಸಿದ್ದನ್ನು. ಕೆಲಸ ಕೆಟ್ಟ ಮೇಲೆ ಮಳೆಯನ್ನು ದೂರುವವರು ಬಹಳ ಮಂದಿ.

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅವರು ಸಿಂಧ್‌ನ ಸಕ್ಕರ, ಸುರತ, ಪುಣೆ ಮುಂತಾದ ಕಡೆ ದುಡಿದರು. ಪುಣೆಯ ಹತ್ತಿರದ ಖಡಕವಾಸಲಾ ಜಲಾಶಯಕ್ಕೆ 1903ರಲ್ಲಿ ತಾವೇ ಯೋಜಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಕೂಡಿಸಿದರು. ನೀರು ಗೊತ್ತಾದ ಮಟ್ಟ ಮುಟ್ಟಿದಾಗ ಈ ಬಾಗಿಲುಗಳು ತಾವಾಗಿ ತೆರೆಯುತ್ತಿದ್ದವು, ಇಳಿದಾಗ ಮುಚ್ಚುತ್ತಿದ್ದವು. ಮಧ್ಯರಾತ್ರಿ ಮಳೆ ಸುರಿದರೆ ಕಾವಲುಗಾರ ಎದ್ದು ಓಡಬೇಕಾಗಿರಲಿಲ್ಲ. 1908ರಲ್ಲಿ ಮುಂಬಯಿ ಸರಕಾರದ ಸೇವೆ ಬಿಟ್ಟರು. ಅದೇ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ನಗರದಲ್ಲಿ ಸಾವಿರಾರು ಜನ ಸತ್ತಿದ್ದರು. ನಿಜಾಮರ ಸರಕಾರ ಕರೆದದ್ದು ಇವರನ್ನೇ. 1909ರ ನವೆಂಬರಿನಲ್ಲಿ ಮೈಸೂರಿನ ಮುಖ್ಯ ಇಂಜಿನಿಯರರಾದರು.

ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಬೆಂಬಲಕ್ಕೆ ನಿಂತಿದ್ದರು. ಈ ಕಟ್ಟೆಯನ್ನು ಸಿಮೆಂಟಿನದೆಂದು ಎಷ್ಟೋ ಮಕ್ಕಳು ಉತ್ತರಪತ್ರಿಕೆಯಲ್ಲಿ ಬರೆಯುತ್ತಾರೆ. ಅದು ತಪ್ಪು. ಪೋರಬಂದರದ ಕಾರ್ಖಾನೆಯಿಂದ ಭಾರತದ ಸಿಮೆಂಟು ಮಾರುಕಟ್ಟೆಗೆ ಬರತೊಡಗಿದ್ದು 1914ರಲ್ಲಿ. ಕಟ್ಟೆಯ ಕೆಲಸ ಹಿಡಿದಾಗ ಸಿಮೆಂಟೆಂದರೆ ಹಡಗಿನಲ್ಲಿ ಬರಬೇಕಾದ ದುಬಾರಿ ಪದಾರ್ಥ. ಆದ್ದರಿಂದ ಕಲ್ಲುಕಟ್ಟಡಕ್ಕೆ ಸುರ್ಕಿ ಗಚ್ಚನ್ನು ಬಳಸಿದರು. ಸುಟ್ಟ ಇಟ್ಟಿಗೆಯ ಪುಡಿಯೇ ಸುರ್ಕಿ. ಅದನ್ನು ಸುಣ್ಣದೊಡನೆ ನೀರು ಹಾಕಿ ನುಣ್ಣಗೆ ಅರೆದರೆ ಗಚ್ಚಾಗುತ್ತದೆ. ಬರಿಯ ಸುಣ್ಣ ಗಟ್ಟಿಯಾಗಲು ಗಾಳಿ ಬೇಕು. ಸುರ್ಕಿ ಸೇರಿದರೆ ಸುಟ್ಟ ಮಣ್ಣಿನಲ್ಲಿರುವ ಅಂಶ ಸುಣ್ಣದೊಡನೆ ಕೂಡಿ ನೀರಿನೊಳಗೂ ಬಿಗಿಯುತ್ತದೆ. ಹಳೆಯ ವಾಡೆಗಳ ಗೋಡೆಗೆ ಮೊಳೆ ಹೊಡೆಯಲು ಹೋಗಿ ಮೊಳೆಯೇ ಬಾಗಿದ್ದನ್ನು ಕಂಡವರಿಗೆ ಗಚ್ಚಿನ ಗಟ್ಟಿತನ ಗೊತ್ತಿರುತ್ತದೆ.

ಆದರೆ ಗಚ್ಚಿಗೆ ಅವಸರ ಆಗದು. ಸಿಮೆಂಟು ಗಂಟೆಗಳಲ್ಲಿ ಬಿಗಿದರೆ ಗಚ್ಚಿಗೆ ದಿನಗಳು ಬೇಕು. ಅದು ಹಸಿಯಿರುವಾಗ ಪ್ರವಾಹ ಬಂದರೆ ತೊಳೆದು ಹೋಗುತ್ತದೆ. ಬಿಸಿಲಿಗೆ ಒಣಗಿದರೆ ಬಿಗಿಯದೆ ಪುಡಿಯಾಗುತ್ತದೆ. ಕೊಡಗಿನಲ್ಲಿ ಮುಂಗಾರು ಹಿಡಿದರೆ ಕಾವೇರಿ ಜೂನ್, ಜುಲೈಗಳಲ್ಲಿ ತುಂಬಿ ಬರುತ್ತದೆ. ಹಾಗಾಗಿ ನದಿಯ ಪಾತ್ರದಲ್ಲಿನ ಕೆಲಸಕ್ಕೆ ವರ್ಷದಲ್ಲಿ ಕೆಲವೇ ತಿಂಗಳು. ಅಷ್ಟರಲ್ಲಿ ಬಂಡೆ ಸಿಗುವವರೆಗೆ ಅಗೆದು, ಪಾಯ ತುಂಬಿ, ಹೊಳೆಯ ನೀರನ್ನು ತಡೆದುಕೊಳ್ಳುವಷ್ಟು ಗೋಡೆ ಎಬ್ಬಿಸಬೇಕು. ಕೋಲಾರದ ಚಿನ್ನದ ಗಣಿಗಳಿಗೆ ಶಿವನಸಮುದ್ರದಿಂದ ವಿದ್ಯುತ್ತು ಕೊಡುವ ಕರಾರು ಬೇರೆ ತಲೆಯ ಮೇಲಿತ್ತು. ಬೇಸಿಗೆಯಲ್ಲೂ ವಿದ್ಯುತ್ತು ಕಡಿಮೆಯಾಗದಿರಲು ಕಟ್ಟೆಯಲ್ಲಿ ನೀರು ನಿಲ್ಲಲೇಬೇಕು. ಸುಮಾರು ಹತ್ತು ಸಾವಿರ ಜನ ದುಡಿದರು. ರಾತ್ರಿ ದೀಪಗಳ ಬೆಳಕಿನಲ್ಲೂ ಕೆಲಸ ನಡೆಯಿತು. ಚಳಿಜ್ವರ ಕೂಲಿಕಾರರನ್ನು ಕಾಡಿತು. ಅವರ ಹೆಸರುಗಳು ಯಾವ ಭಾಷಣದಲ್ಲೂ ಬರುವುದಿಲ್ಲ, ನಾವೂ ಬರೆಯಲಾರೆವು.

1912ರಿಂದ 1918ರವರೆಗೆ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದರು. ಆ ಕಾಲದ ಬ್ಯಾಂಕು, ವಿಶ್ವವಿದ್ಯಾಲಯ, ಸಾಹಿತ್ಯ ಪರಿಷತ್ತುಗಳ ವಿಷಯ ನಿಮ್ಮ ಪಠ್ಯಪುಸ್ತಕದಲ್ಲಿದೆ. ಮದರಾಸು ಸರಕಾರದೊಡನೆ ನೀರಿನ ತಕರಾರಿನಿಂದ ಕಟ್ಟೆಯ ಕೆಲಸ ತಡೆದು ತಡೆದು ಸಾಗಿತು. ಅವರು ಅಧಿಕಾರ ಬಿಟ್ಟು ಹೋದ ಎಷ್ಟೋ ವರ್ಷಗಳ ಮೇಲೆ, 1931ರ ಸುಮಾರಿಗೆ, ಅದು ಪೂರ್ಣವಾಯಿತು. ಉದ್ದ ಸುಮಾರು 8,600 ಅಡಿ, ಎತ್ತರ 130 ಅಡಿ. ಹಲವು ಹಳ್ಳಿಗಳು ನೀರಿನಡಿ ಹೋದವು. ಆ ಸುರ್ಕಿ ಗಚ್ಚು ಇಂದಿಗೂ ಕಾವೇರಿಯನ್ನು ಹಿಡಿದು ನಿಂತಿದೆ.

ಈಗ ನಮ್ಮ ಕಾಲ ಸಿಮೆಂಟಿನದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆಯನ್ನು 1923ರಿಂದ ಅವರು ಹೊತ್ತಿದ್ದರು. ಮುಂದೆ ಅದೇ ಕಾರ್ಖಾನೆಯ ಜೊತೆಗೆ ಸಿಮೆಂಟಿನ ಘಟಕವೂ ಬಂತು. ಪದಾರ್ಥ ಬದಲಾದರೂ ಆಕಾಶದ ಜೊತೆಗಿನ ವ್ಯವಹಾರ ಬದಲಾಗಲಿಲ್ಲ. ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆಂದು ಬಹಳ ಜನ ತಿಳಿದಿದ್ದಾರೆ. ನಿಜ ಸಂಗತಿ ತಿರುವುಮುರುವು. ಸಿಮೆಂಟು ನೀರಿನೊಡನೆ ಕೂಡಿ ಗಟ್ಟಿಯಾಗುತ್ತದೆ, ನೀರು ಹಾರಿಹೋದರೆ ಅರ್ಧಕ್ಕೆ ನಿಲ್ಲುತ್ತದೆ. ಹಾಗೆಂದು ಕಲಸುವಾಗಲೇ ಹೆಚ್ಚು ನೀರು ಹಾಕಿದರೆ, ಆ ಹೆಚ್ಚಿನ ನೀರು ಆಮೇಲೆ ಹೋದ ದಾರಿಯೆಲ್ಲ ಸಣ್ಣ ತೂತಾಗಿ ಉಳಿಯುತ್ತದೆ. 50 ಕಿಲೋ ಸಿಮೆಂಟಿನ ಒಂದು ಚೀಲಕ್ಕೆ 25ರಿಂದ 30 ಲೀಟರು ನೀರು ಸಾಕು. ಬಿಸಿಲಿನ ದಿನ ಖಡಿಯನ್ನು ಮುಂಚೆಯೇ ನೀರು ಚಿಮುಕಿಸಿ ತಣ್ಣಗಿಡಬೇಕು, ಬಿಸಿಲಿಗೆ ಕಾದ ಟಾಕಿಯ ನೀರನ್ನು ಬಳಸಬಾರದು, ನಸುಕಿನಲ್ಲೋ ಸಂಜೆಯಲ್ಲೋ ಕೆಲಸ ಮಾಡಬೇಕು. ಹಾಕಿದ ಮೇಲೆ ಒದ್ದೆ ಗೋಣಿತಟ್ಟು ಹೊದಿಸಿ, ಮರುದಿನ ಮಣ್ಣಿನ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಬೇಕು. ಸಾಧಾರಣ ಹವೆಗೆ ಏಳು ದಿನವಾದರೆ ನಮ್ಮಂಥ ಒಣ ಬಿಸಿಲಿಗೆ ಹತ್ತು ದಿನ. ಬೂದಿ ಬೆರೆತ ಸಿಮೆಂಟಾದರೆ ಹದಿನಾಲ್ಕು.

ಮಳೆಗಾಲದ ತೊಂದರೆಯೇ ಬೇರೆ. ಒದ್ದೆ ಉಸುಕು ಉಬ್ಬುತ್ತದೆ. ತುಸು ತೇವವಾದ ಉಸುಕು ಒಣಗಿದ್ದಕ್ಕಿಂತ ಕಾಲು ಪಾಲಿನಷ್ಟು ಹೆಚ್ಚು ಜಾಗ ಹಿಡಿಯಬಲ್ಲದು. ಹೀಗಾಗಿ ಬುಟ್ಟಿ ಎಣಿಸಿ ಹಾಕುವವನು ತಿಳಿಯದೆ ಉಸುಕು ಕಡಿಮೆ ಹಾಕುತ್ತಾನೆ, ಮೇಲೆ ಉಸುಕಿನಲ್ಲಿದ್ದ ನೀರೂ ಲೆಕ್ಕಕ್ಕೆ ಸಿಗದೆ ಸೇರುತ್ತದೆ. ಬಿಗಿಯುವ ಮೊದಲು ಮಳೆ ಹೊಡೆದರೆ ಮೇಲಿನ ಸಿಮೆಂಟು ತೊಳೆದುಹೋಗಿ ಖಡಿ ಇಣುಕುತ್ತದೆ. ತಾಡಪತ್ರಿ ಕೈಗೆ ಸಿಗುವಂತಿರಬೇಕು. ಮೋಡ ಕಪ್ಪಾದ ಮೇಲೆ ಹುಡುಕಲು ಹೋದರೆ ಆಗುವುದಿಲ್ಲ. ಇಷ್ಟನ್ನು ನಮಗೆ ಹೇಳಿಕೊಟ್ಟದ್ದು ಅಂದಿನ ಆ ಮುದುಕ ಗವಂಡಿಯೇ. ಅಂಕಿಗಳನ್ನು ಮಾತ್ರ ನಾವು ಪುಸ್ತಕ ನೋಡಿ ಸೇರಿಸಿದ್ದೇವೆ.

ವಿಶ್ವೇಶ್ವರಯ್ಯನವರು ತೊಂಬತ್ತು ದಾಟಿದ ಮೇಲೂ ಹೊಳೆಗಳ ಸಹವಾಸ ಬಿಡಲಿಲ್ಲ. ಬಿಹಾರದಲ್ಲಿ ಗಂಗೆಗೆ ಎಲ್ಲಿ ಸೇತುವೆ ಕಟ್ಟಬೇಕೆಂಬ ಪ್ರಶ್ನೆ ಬಂದಾಗ, 1952ರಲ್ಲಿ, ಅಷ್ಟು ದೂರ ಹೋಗಿ ಸ್ಥಳ ಪರಿಶೀಲಿಸಿ ವರದಿ ಕೊಟ್ಟರು. ಮೊಕಾಮಾದ ಆ ಸೇತುವೆ 1959ರಲ್ಲಿ ತೆರೆಯಿತು. 1955ರಲ್ಲಿ ಅವರಿಗೆ ಭಾರತರತ್ನ ಬಂದಿತ್ತು. 1962ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಹುಟ್ಟಿದ ಮುದ್ದೇನಹಳ್ಳಿಯಲ್ಲೇ ಅವರ ಸಮಾಧಿಯಿದೆ.

ನಮ್ಮ ಶಾಲೆಯ ಸಹಲು ಮೈಸೂರಿಗೆ ಹೋದಾಗ ಮಕ್ಕಳು ಕನ್ನಂಬಾಡಿಯ ಬೃಂದಾವನದಲ್ಲಿ ಬಣ್ಣದ ಕಾರಂಜಿ ನೋಡಿ ಬರುತ್ತಾರೆ. ಮುಂದಿನ ಸಲ ಹೋಗುವವರು ಕಟ್ಟೆಯ ಗೋಡೆಯ ಬಳಿ ಸ್ವಲ್ಪ ಹೊತ್ತು ನಿಂತು, ಎರಡು ಕಲ್ಲುಗಳ ನಡುವಿನ ಸಂದನ್ನು ನೋಡಿ ಬರಬೇಕೆಂದು ಕೇಳಿಕೊಳ್ಳುತ್ತೇವೆ. ಧುಳೆಯ ದಾತರ್ತಿಗಂತೂ ನಾವೇ ಇನ್ನೂ ಹೋಗಿಲ್ಲ. ಹೋದರೆ ಮಳೆಗಾಲದಲ್ಲೇ ಹೋಗಬೇಕೆಂದು ಆಸೆ.