ಮೊಗ್ಲಿಂಗ್ ಪತ್ರಿಕೆಗೆ ಬಳ್ಳಾರಿ ಅಚ್ಚು, ಪೆನುಕೊಂಡಕ್ಕೂ ನಂಟು

ಪೆನುಕೊಂಡ: ಜುಲೈ 1 ಬಂತೆಂದರೆ ಕರ್ನಾಟಕದಲ್ಲಿ ಪತ್ರಿಕಾ ದಿನ. 1843ರ ಆ ದಿನ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಿತ್ತು. ಅದು ಕರಾವಳಿಯ ಕಥೆ, ಗಡಿಯಾಚೆಯವರಿಗೆ ಏನು ಸಂಬಂಧ ಅನ್ನಬಹುದು. ಸಂಬಂಧ ಇದೆ. ಮರುವರ್ಷವೇ ಆ ಪತ್ರಿಕೆ ಬಳ್ಳಾರಿಯಲ್ಲಿ ಅಚ್ಚಾಗತೊಡಗಿತು. ಆಗ ಪೆನುಕೊಂಡ, ಹಿಂದೂಪುರ, ಮಡಕಶಿರಾ ಎಲ್ಲವೂ ಬಳ್ಳಾರಿ ಜಿಲ್ಲೆಗೇ ಸೇರಿದ್ದವು.

ಪತ್ರಿಕೆ ತಂದವರು ಹರ್ಮನ್ ಮೊಗ್ಲಿಂಗ್. 1811ರ ಮೇ 29ರಂದು ಜರ್ಮನಿಯ ಬ್ರಾಕೆನ್‌ಹೈಮ್‌ನಲ್ಲಿ ಜನಿಸಿದ ಇವರು ಬಾಸೆಲ್ ಮಿಷನ್ ಪಾದ್ರಿಯಾಗಿ 1836ರಲ್ಲಿ ಮಂಗಳೂರಿಗೆ ಬಂದರು. ಬಂದದ್ದು ಮತಪ್ರಚಾರಕ್ಕೆ, ಹಿಡಿಸಿದ್ದು ಕನ್ನಡ. ನಾಲ್ಕು ಪುಟದ ಪಾಕ್ಷಿಕದಲ್ಲಿ ಊರ ಸುದ್ದಿ, ಪರಊರಿನ ವರ್ತಮಾನ, ಸರ್ಕಾರದ ಕಾಯ್ದೆ, ಕಥೆ ಎಲ್ಲವನ್ನೂ ಕೊಟ್ಟರು.

ಮಂಗಳೂರಲ್ಲಿ ಆಗ ಇದ್ದದ್ದು ಕಲ್ಲಚ್ಚು. ಪ್ರತಿ ಪುಟವನ್ನೂ ಕೈಯಲ್ಲಿ ಬರೆದು ಕಲ್ಲಿನ ಮೇಲೆ ಇಳಿಸಬೇಕಿತ್ತು. ಬಳ್ಳಾರಿಯ ಲಂಡನ್ ಮಿಷನ್ ಮುದ್ರಣಾಲಯದಲ್ಲಿ ಕನ್ನಡದ ಅಚ್ಚುಮೊಳೆಗಳಿದ್ದವು. ಹಾಗಾಗಿ 1844ರಲ್ಲಿ ಪತ್ರಿಕೆ ‘ಕನ್ನಡ ಸಮಾಚಾರ’ ಎಂಬ ಹೆಸರಲ್ಲಿ ಅಲ್ಲಿ ಅಚ್ಚಾಯಿತು. ಆದರೆ ಹೆಚ್ಚು ಕಾಲ ನಡೆಯಲಿಲ್ಲ.

ಪತ್ರಿಕೆ ನಿಂತರೂ ಮೊಗ್ಲಿಂಗ್ ನಿಲ್ಲಲಿಲ್ಲ. ಹಳೆಯ ಕಾವ್ಯಗಳೆಲ್ಲ ಆಗ ಓಲೆಗರಿಯಲ್ಲೇ ಇದ್ದವು. ಹುಳ ತಿಂದರೆ, ಮನೆ ಸೋರಿದರೆ ಮುಗೀತು. ಅವರು ಪ್ರತಿಗಳನ್ನು ಹುಡುಕಿ, ಕೂಡಿಹಾಕಿ, ನಕಲು ಮಾಡಿಸಿದರು. ನೀಲಗಿರಿಯಲ್ಲಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಹಣಸಹಾಯ ಮಾಡಿದರು. 1848ರಿಂದ 1853ರ ನಡುವೆ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ಚೆನ್ನಬಸವ ಪುರಾಣ, ದಾಸರ ಪದಗಳು ಕಲ್ಲಚ್ಚಿನಲ್ಲಿ ಪುಸ್ತಕಗಳಾದವು. ಬೇರೆ ಧರ್ಮ ಸಾರಲು ಬಂದ ಪಾದ್ರಿಯೇ ಶರಣರ ಪುರಾಣ, ದಾಸರ ಹಾಡುಗಳನ್ನು ಅಚ್ಚಿಗೆ ತಂದದ್ದು ವಿಶೇಷ.

ಮುಂದೆ ಕೊಡಗಿನಲ್ಲಿ ಕೆಲಸ ಮಾಡಿದರು. ಕನ್ನಡ ಸಾಹಿತ್ಯದ ಸೇವೆಗಾಗಿ 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1860ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೂ ದಾಸರ ಪದಗಳನ್ನು ಜರ್ಮನ್ ಭಾಷೆಗೆ ಅನುವಾದಿಸಿದರು.

1881ರ ಮೇ 10ರಂದು ಎಸ್ಲಿಂಗೆನ್‌ನಲ್ಲಿ ಮೊಗ್ಲಿಂಗ್ ತೀರಿಕೊಂಡರು. ಮರುವರ್ಷ ಅನಂತಪುರ ಬೇರೆ ಜಿಲ್ಲೆಯಾಯಿತು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಹೋಯಿತು, ಪೆನುಕೊಂಡ ಆಂಧ್ರದಲ್ಲೇ ಉಳಿಯಿತು. ಗಡಿ ಬದಲಾದರೂ ಮನೆಮಾತು ಬದಲಾಗಲಿಲ್ಲ. ಆದರೆ ತೆಲುಗು, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಎಷ್ಟೋ ಮಕ್ಕಳಿಗೆ ಅಜ್ಜ ಬರೆದಿಟ್ಟ ಕನ್ನಡ ಓದಲು ಬರುವುದಿಲ್ಲ. ಅಟ್ಟದ ಮೇಲೆ ಹಳೆಯ ಓಲೆಗರಿ ಕಟ್ಟೋ, ಕೈಬರಹದ ಪುಸ್ತಕವೋ ಇದ್ದರೆ ರದ್ದಿಗೆ ಹಾಕುವ ಮುಂಚೆ ಓದಬಲ್ಲವರಿಗೊಮ್ಮೆ ತೋರಿಸಬೇಕು. ಪರದೇಶದ ಪಾದ್ರಿಯೊಬ್ಬರು ಹುಡುಕಿಕೊಂಡು ಹೋದ ಕಾವ್ಯಗಳೂ ಒಂದು ಕಾಲಕ್ಕೆ ಅಂಥ ಕಟ್ಟುಗಳಲ್ಲೇ ಇದ್ದವು.